ಮಕ್ಕಳು ಮಲಗಿದ್ದಾಗ ಹೋದ ಮೆಸೇಜು

ಬೆಳಿಗ್ಗೆ ಹೊತ್ತು ಆ ಮನೆಯಲ್ಲಿ ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ಒಂದು ಮಗು ಸೊಂಟದ ಮೇಲೆ, ಒಂದು ಕಾಲಿಗೆ ಜೋತುಬಿದ್ದು, ಇನ್ನೊಂದು ಹೊಸ್ತಿಲಲ್ಲಿ ಕೂತು ಅಮ್ಮ ಹೋದ ದಿಕ್ಕಿಗೆ ಮುಖ ಮಾಡಿ ಅಳುತ್ತಾ. ಬಟ್ಟೆ ಕಾರ್ಖಾನೆಯ ಸೈರನ್ ಕೂಗುವುದರೊಳಗೆ ತಾಯಂದಿರು ಮಕ್ಕಳನ್ನು ಒಪ್ಪಿಸಿ ಓಡಬೇಕು. ತಡವಾದರೆ ಗೇಟು ಹಾಕುತ್ತಾರೆ, ಅರ್ಧ ದಿನದ ಕೂಲಿ ಹೋಗುತ್ತದೆ. ಹಾಗೆ ಓಡುವವರೆಲ್ಲ ಮಗುವನ್ನು ಒಪ್ಪಿಸುತ್ತಿದ್ದದ್ದು ತೊಟ್ಟಿಲಮ್ಮನ ಕೈಗೆ.

ಅದು ಅವಳ ಹೆಸರಲ್ಲ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ, ಮುಂದಿನ ಕೋಣೆಯ ತುಂಬ ತೊಟ್ಟಿಲು, ಚಾಪೆ, ಒಗೆದು ಒಣಹಾಕಿದ ಬಟ್ಟೆ. ಅದನ್ನು ನೋಡಿ ಯಾರೋ ಕರೆದದ್ದು ಹಾಗೇ ಉಳಿದುಕೊಂಡಿತು. ಪಕ್ಕದಲ್ಲೇ ಗಂಡನ ಪಂಕ್ಚರ್ ಅಂಗಡಿ. ಅವಳ ದುಡಿಮೆಗೆ ಅಂಗಡಿಯ ಬೋರ್ಡು ಇರಲಿಲ್ಲ, ಲೈಸೆನ್ಸು ಇರಲಿಲ್ಲ. ಇದ್ದದ್ದು ಒಂದೇ, ನಂಬಿಕೆ. ‘ತೊಟ್ಟಿಲಮ್ಮನ ಹತ್ತಿರ ಬಿಟ್ಟರೆ ಸ್ವಂತ ತಾಯಿ ಹತ್ತಿರ ಬಿಟ್ಟಂಗೆ’ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿ, ಇನ್ನೊಬ್ಬಳು ಮತ್ತೊಬ್ಬಳಿಗೆ ಹೇಳಿ, ತೊಟ್ಟಿಲುಗಳು ತುಂಬಿದ್ದವು.

ಆ ಮನೆಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಮಧ್ಯಾಹ್ನ ಮಕ್ಕಳು ಮಲಗಿರುವ ಹೊತ್ತಿನಲ್ಲಿ ಯಾರೂ ಫೋನ್ ಮಾಡಕೂಡದು. ಮಕ್ಕಳನ್ನು ಮಲಗಿಸುವುದು ಸುಲಭ ಅನ್ನುವವರು ಮಕ್ಕಳಿಲ್ಲದವರು. ಒಂದು ಎದ್ದು ಕಿರುಚಿದರೆ ಸಾಕು, ಉಳಿದವೂ ಸಾಲಾಗಿ ಎದ್ದು ದನಿಗೂಡಿಸುತ್ತವೆ. ಆದ್ದರಿಂದ ಆ ಹೊತ್ತಿಗೆ ಅವಳು ಫೋನಿನ ದನಿ ಆರಿಸಿ, ಒಳಕೋಣೆಯ ಬೀರುವಿನ ಮೇಲೆ ಇಟ್ಟುಬಿಡುತ್ತಿದ್ದಳು. ಇಡುವ ಮೊದಲು ತಾಯಂದಿರ ಗುಂಪಿಗೆ ಒಂದು ಉದ್ದನೆಯ ಮೆಸೇಜು ಹಾಕುತ್ತಿದ್ದಳು. ಯಾರು ಉಂಡರು, ಯಾರು ಉಗಿದರು, ಯಾರ ಮೂಗು ಸೋರುತ್ತಿದೆ, ಯಾರಿಗೆ ಹಲ್ಲು ಬರುತ್ತಿದೆ, ಎಲ್ಲವೂ ಅದರಲ್ಲಿ.

ಕಾರ್ಖಾನೆಯಲ್ಲಿ ಬೆಳಿಗ್ಗೆಯೇ ಎಲ್ಲರ ಫೋನನ್ನೂ ಗೇಟಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯುತ್ತಿದ್ದರು. ಊಟದ ಬಿಡುವಿಗೆ ಮಾತ್ರ ಅದು ಕೈಗೆ ಸಿಗುತ್ತಿತ್ತು. ತಾಯಂದಿರು ಬುತ್ತಿ ಬಿಚ್ಚುವ ಮೊದಲು ತೊಟ್ಟಿಲಮ್ಮನ ಮೆಸೇಜು ಬಿಚ್ಚುತ್ತಿದ್ದರು.

ಅವರಲ್ಲಿ ಒಬ್ಬಳು ಅಂಗಿಗೆ ಗುಂಡಿ ಹಾಕುವ ಮಿಷನ್ ಮೇಲೆ ಕೂರುವವಳು. ಗುಂಡಿಯವಳು ಅಂದರೆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಗಂಡ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಇರುವವಳು ಒಬ್ಬಳೇ ಮಗಳು, ಆಗಷ್ಟೇ ಓಡಾಡಲು ಕಲಿತ ಚೂಟಿ. ಒಂದು ದಿನ ಆ ಚೂಟಿ ಬಾಯಿಗೆ ಗುಂಡಿ ಹಾಕಿಕೊಂಡಿತ್ತು. ತೊಟ್ಟಿಲಮ್ಮ ಬೆರಳು ಹಾಕಿ ತೆಗೆದು, ಗುಂಪಿನಲ್ಲಿ ಎಲ್ಲರ ಎದುರಿಗೇ ಬರೆದಳು: ‘ಅಮ್ಮಾ, ಏಪ್ರನ್ ಜೇಬಲ್ಲಿ ಗುಂಡಿ ಇಟ್ಕೊಂಡು ಮನೆಗೆ ಬರಬೇಡ. ಇವತ್ತು ನಾನು ನೋಡಿದೆ, ನಾಳೆ ಯಾರು ನೋಡ್ತಾರೆ?’ ತಪ್ಪಾಯ್ತಕ್ಕ, ಇನ್ನು ಜೇಬು ಕೊಡವಿಯೇ ಬರ್ತೀನಿ ಎಂದು ಗುಂಡಿಯವಳು ಉತ್ತರ ಹಾಕಿದ್ದಳು.

ಆ ವಾರದ ರಜೆಗೆ ನಾದಿನಿ ಬಂದಳು. ಬ್ಯಾಂಕೊಂದರ ಸಹಾಯವಾಣಿಯಲ್ಲಿ ಅವಳಿಗೆ ಕೆಲಸ. ದುಡ್ಡು ಕಳೆದುಕೊಂಡವರ ಅಳುವನ್ನು ಕೇಳುವುದೇ ಅವಳ ಉದ್ಯೋಗ. ಹಾಗಾಗಿ ಯಾರ ಮನೆಗೆ ಹೋದರೂ ಮೊದಲು ಫೋನು ತೋರಿಸಿ ಅನ್ನುತ್ತಿದ್ದಳು. ಅತ್ತಿಗೆಯ ಫೋನು ಕೈಗೆ ತೆಗೆದುಕೊಂಡವಳು ಆ ಉದ್ದನೆಯ ಮೆಸೇಜುಗಳನ್ನು ನೋಡಿ ಮುಖ ಗಂಟಿಕ್ಕಿದಳು.

“ಅತ್ತಿಗೆ, ಇದರಲ್ಲಿ ಮಕ್ಕಳ ಜಾತಕಾನೇ ಇದೆಯಲ್ಲ. ಯಾರಾದ್ರೂ ಕಳ್ಳ ಓದಿದ್ರೆ ಏನು ಗತಿ?”

ಬಾಗಿಲಲ್ಲಿ ಟಯರು ಉರುಳಿಸುತ್ತಿದ್ದ ಅಣ್ಣನಿಗೆ ನಗು ಬಂತು. “ಓದ್ಲಿ ಬಿಡೇ. ಯಾರ ಮೂಗು ಸೋರ್ತಿದೆ ಅಂತ ಓದಿ ಅವನೇನು ಒರೆಸೋಕೆ ಬರ್ತಾನಾ? ನಮ್ಮನೆಗೆ ಕಳ್ಳ ನುಗ್ಗಿದ್ರೆ ಪಾಪ ಅಂತ ಅವನೇ ಏನಾದ್ರೂ ಇಟ್ಟು ಹೋಗ್ಬೇಕು.”

ತೊಟ್ಟಿಲಮ್ಮನೂ ನಕ್ಕಳು. ನಾದಿನಿ ನಗಲಿಲ್ಲ. ಯಾರು ಯಾವ ಲಿಂಕ್ ಕಳಿಸಿ ಕೋಡ್ ಹಾಕಿ ಅಂದರೂ ಹಾಕಬೇಡಿ ಎಂದು ಹೇಳಿದಳು. ತಾಯಂದಿರ ಜೊತೆ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ, ಏನಾದರೂ ಅನಾಹುತ ಅಂತ ಮೆಸೇಜು ಬಂದರೆ ಆ ಮಾತು ಇದೆಯಾ ಅಂತ ಮೊದಲು ನೋಡಲಿ ಎಂದಳು. ಮಲಗುವ ಹೊತ್ತಿನ ನಿಯಮ ಕೇಳಿದ ಮೇಲಂತೂ ಅದನ್ನು ಇವತ್ತೇ ತೆಗೆದುಹಾಕಿ ಎಂದು ಹಟ ಹಿಡಿದಳು.

“ನಿಂಗೆ ಮಕ್ಕಳಾಗ್ಲಿ, ಆಗ ಹೇಳು ತೆಗೀ ಅಂತ,” ಎಂದಳು ತೊಟ್ಟಿಲಮ್ಮ. “ಗುಟ್ಟಿನ ಮಾತಂತೆ. ನಾವೇನು ಪತ್ತೇದಾರರಾ? ಬ್ಯಾಂಕಲ್ಲಿ ನನ್ನದು ಅಂತ ಬಿಡಿಗಾಸಿಲ್ಲ. ಇಲ್ಲದ್ದನ್ನ ಯಾರು ಕದೀತಾರೆ?”

ನಾದಿನಿ ಊಟ ಮುಗಿಸಿ ಹೋದಳು. ಮಾತು ಅಲ್ಲಿಗೇ ಮುಗಿಯಿತು.

ಮುಂದೊಂದು ದಿನ ಬೆಳಿಗ್ಗೆ, ಮಕ್ಕಳೆಲ್ಲ ಬಂದು ಇಳಿಯುತ್ತಿದ್ದ ಗಲಾಟೆಯಲ್ಲಿ, ಇಸ್ತ್ರಿ ವಿಭಾಗದ ತಾಯಿಯೊಬ್ಬಳ ನಂಬರಿನಿಂದ ಮೆಸೇಜು ಬಂತು. ಮುದ್ದು ಮಕ್ಕಳ ಫೋಟೋ ಸ್ಪರ್ಧೆಯಲ್ಲಿ ನನ್ನ ಮಗಳು ಕೊನೇ ಸುತ್ತಿಗೆ ಬಂದಿದಾಳೆ, ಒಂದು ಓಟು ಹಾಕಿ ಅಕ್ಕ, ಎಂದಿತ್ತು. ತಾಯಂದಿರಿಗೆ ಇಲ್ಲ ಅನ್ನುವುದು ತೊಟ್ಟಿಲಮ್ಮನಿಗೆ ಗೊತ್ತೇ ಇರಲಿಲ್ಲ. ಲಿಂಕ್ ಒತ್ತಿದಳು. ಯಾವುದೋ ಮಗುವಿನ ನಗುಮುಖ ಬಂತು. ನಂಬರ್ ಕೇಳಿತು, ಕೊಟ್ಟಳು. ಒಂದು ಕೋಡ್ ಬಂತು. ಇದನ್ನು ನಿಮ್ಮ ಮೆಸೇಜ್ ಆ್ಯಪಿನಲ್ಲಿ ಹಾಕಿದರೆ ನಿಮ್ಮ ಓಟು ಖಚಿತ ಎಂದಿತ್ತು. ಕಂಕುಳಲ್ಲಿ ಹಾಲಿನ ಬಾಟಲಿ ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದಲೇ ಅದನ್ನೂ ಹಾಕಿದಳು. ಹೊಸ ಸಾಧನವೊಂದನ್ನು ಜೋಡಿಸಲೇ ಎಂದು ಆ್ಯಪು ಕೇಳಿತು. ಅವಳು ಓದಲಿಲ್ಲ. ಹೂಂ ಎಂದು ಒತ್ತಿ, ಫೋನಿಟ್ಟು, ಅಳುವ ಮಗುವನ್ನು ಎತ್ತಿಕೊಂಡಳು.

ಅವಳು ಹಾಕಿದ್ದು ಓಟಲ್ಲ. ತನ್ನ ಮೆಸೇಜುಗಳ ಮನೆಗೆ ಇನ್ನೊಂದು ಬೀಗದ ಕೈ ಮಾಡಿಸಿ, ಕಂಡರಿಯದವನ ಕೈಗೆ ಕೊಟ್ಟಿದ್ದಳು. ಅವನು ಮಧ್ಯಾಹ್ನದವರೆಗೆ ಅವಸರ ಮಾಡಲಿಲ್ಲ. ಎಲ್ಲೋ ಕೂತು ಹಳೆಯ ಮೆಸೇಜುಗಳನ್ನೆಲ್ಲ ಓದಿದ. ಯಾವ ಮಗುವಿನ ತಾಯಿ ಯಾರು, ಯಾರ ಬೆನ್ನಿಗೆ ಯಾರೂ ಇಲ್ಲ, ತೊಟ್ಟಿಲಮ್ಮ ಹೇಗೆ ಬರೆಯುತ್ತಾಳೆ, ಯಾವ ಹೊತ್ತಿನಲ್ಲಿ ಅವಳಿಗೆ ಯಾರೂ ಫೋನ್ ಮಾಡುವುದಿಲ್ಲ, ಎಲ್ಲವನ್ನೂ ಅವಳೇ ಅವನಿಗೆ ತಿಳಿಸಿಟ್ಟಿದ್ದಳು.

ಆ ದಿನವೂ ಮಕ್ಕಳು ಉಂಡು ಮಲಗಿದವು. ಫೋನು ಬೀರುವಿನ ಮೇಲೆ ಹೋಯಿತು. ಕಾರ್ಖಾನೆಯಲ್ಲಿ ಊಟದ ಬಿಡುವು. ಗುಂಡಿಯವಳ ಫೋನಿಗೆ ತೊಟ್ಟಿಲಮ್ಮನ ಹೆಸರಲ್ಲಿ, ತೊಟ್ಟಿಲಮ್ಮನದೇ ಫೋಟೋ ಹೊತ್ತು, ಅವಳ ಬರವಣಿಗೆಯದೇ ಧಾಟಿಯಲ್ಲಿ ಮೆಸೇಜು ಬಂತು.

‘ಅಮ್ಮಾ, ಚೂಟಿ ಗುಂಡಿ ನುಂಗಿದಾಳೆ. ಉಸಿರು ಕಟ್ಟಿದೆ. ಆಸ್ಪತ್ರೇಲಿ ಇದೀವಿ. ಒಳಗೆ ಫೋನ್ ಬಿಡಲ್ಲ, ಕರೆ ಮಾಡಬೇಡ. ದುಡ್ಡು ಕಟ್ಟಿದ್ರೆ ಮಾತ್ರ ಕೈ ಹಚ್ತಾರಂತೆ. ಆಸ್ಪತ್ರೆಯವರ ಈ ನಂಬರಿಗೆ ಬೇಗ ಹಾಕು.’

ಗುಂಡಿಯವಳು ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಹಿಂದಿನ ದಿನ ಕೊಡವಿದ್ದಳೋ ಇಲ್ಲವೋ, ಅವಳಿಗೆ ನೆನಪಾಗಲಿಲ್ಲ. ನನ್ನ ಜೇಬಿನಿಂದಲೇ ಹೋಯಿತು ಎಂಬುದೊಂದೇ ತಲೆಗೆ ಹೊಕ್ಕಿತು. ಒಂದು ಸಲ ಕರೆ ಮಾಡಿದಳು. ಬೀರುವಿನ ಮೇಲೆ ಫೋನು ಸದ್ದಿಲ್ಲದೆ ಮಿನುಗಿ ಆರಿತು. ಇದ್ದ ದುಡ್ಡನ್ನೆಲ್ಲ ಹಾಕಿದಳು. ಸಾಲದು ಎಂದು ಮತ್ತೆ ಮೆಸೇಜು ಬಂತು. ತೊಟ್ಟಿಲಮ್ಮನ ಪರಿಚಯವಿಲ್ಲದ ಪಕ್ಕದ ಮಿಷನ್ನಿನವರ ಕೈಕಾಲು ಹಿಡಿದು ಇಸಿದುಕೊಂಡು ಮತ್ತೆ ಹಾಕಿದಳು. ಸೂಪರ್‌ವೈಸರನ್ನು ಕೇಳದೆ, ಏಪ್ರನ್ ಬಿಚ್ಚದೆ, ಗೇಟು ದಾಟಿ ಆಸ್ಪತ್ರೆಯ ದಾರಿ ಹಿಡಿದು ಓಡಿದಳು. ಮಗಳು ಮಲಗಿದ್ದ ಮನೆ ಕಾರ್ಖಾನೆಯ ಬೆನ್ನಿಗೇ ಇತ್ತು. ಅವಳು ಓಡಿದ್ದು ಅದಕ್ಕೆ ಬೆನ್ನು ಹಾಕಿ.

ಒಂದು ಆಸ್ಪತ್ರೆಯಲ್ಲಿ ಅಂಥ ಮಗು ಬಂದಿಲ್ಲ ಎಂದರು. ಇನ್ನೊಂದರಲ್ಲಿ ಬೇರೆ ಬಾಗಿಲಿಗೆ ಹೋಗಿ ಎಂದರು. ಯಾವ ಆಸ್ಪತ್ರೆ ಅಕ್ಕ ಎಂದು ಅವಳು ಕಳಿಸಿದ ಮೆಸೇಜಿಗೆ ಉತ್ತರ ಬರುವುದು ನಿಂತಿತ್ತು. ಆಮೇಲೆ ಫೋನಿನ ಚಾರ್ಜೂ ಮುಗಿಯಿತು. ಒಬ್ಬ ಕಾವಲುಗಾರ ಅವಳ ಅವಸ್ಥೆ ನೋಡಿ, ಶವಾಗಾರದಲ್ಲಿ ಕೇಳಿದಿರಾ ತಾಯಿ ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳು ಅಲ್ಲಿಗೂ ಹೋಗಿ ಕೇಳಿದಳು.

ಇತ್ತ ಮಕ್ಕಳು ಎದ್ದ ಮೇಲೆ ತೊಟ್ಟಿಲಮ್ಮ ಫೋನು ನೋಡಿದಳು. ಗುಂಡಿಯವಳ ಒಂದು ತಪ್ಪಿದ ಕರೆ. ನಿಯಮ ಮರೆತಳೇನೋ ಎಂದುಕೊಂಡು ತಿರುಗಿ ಮಾಡಿದರೆ ಸ್ವಿಚ್ ಆಫ್. ಮೆಸೇಜೇನೂ ಕಾಣಲಿಲ್ಲ. ಅವಳ ಫೋನಿನಲ್ಲಿ ಕಾಣುವಂಥದ್ದನ್ನೆಲ್ಲ ಕಳ್ಳ ಅಳಿಸಿಹಾಕಿದ್ದ.

ಸಂಜೆ ಬೇರೆ ತಾಯಂದಿರು ಬಂದು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದಾಗ ಗುಂಡಿಯವಳು ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಚೂಟಿ ಚಾಪೆಯ ಮೇಲೆ ಕೂತು ಬಟ್ಟಲಿನ ಮುಚ್ಚಳ ಕುಟ್ಟುತ್ತಿತ್ತು. ಅಮ್ಮನನ್ನು ಕಂಡು ಕೈಚಾಚಿತು. ಗುಂಡಿಯವಳು ಹತ್ತಿರ ಹೋಗದೆ ನಿಂತೇ ಇದ್ದಳು. ಆಮೇಲೆ ಬಾಗಿ ಮಗುವಿನ ಬಾಯಿ ಅಗಲಿಸಿ ನೋಡಿದಳು, ಎದೆಗೆ ಕಿವಿ ಇಟ್ಟಳು. ಎತ್ತಿಕೊಂಡು ತೊಟ್ಟಿಲಮ್ಮನ ಕಡೆ ತಿರುಗಿದಳು.

“ಯಾಕಕ್ಕ ಹಿಂಗೆ ಮಾಡಿದ್ರಿ?”

ತೊಟ್ಟಿಲಮ್ಮನಿಗೆ ಬುಡ ಗೊತ್ತಿಲ್ಲ, ತುದಿ ಗೊತ್ತಿಲ್ಲ. ಏನಾಯ್ತು ಕಣಮ್ಮ ಎಂದು ಕೇಳಿದಳು. ಆ ಕೇಳಿದ್ದೇ ಗುಂಡಿಯವಳಿಗೆ ನಾಟಕವಾಗಿ ಕಂಡಿತು. ಅವಳು ಮಗುವಿನೊಂದಿಗೆ ಹೊರಟುಹೋದಳು. ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ತೊಟ್ಟಿಲಮ್ಮನ ಮೇಲೆಯೇ ದೂರು ಕೊಟ್ಟಳು.

ಮರುದಿನ ಠಾಣೆಯಿಂದ ಕರೆ ಬಂತು. ತೊಟ್ಟಿಲಮ್ಮ, ಅವಳ ಗಂಡ, ರಜೆ ಹಾಕಿ ಓಡಿಬಂದ ನಾದಿನಿ ಒಂದು ಬೆಂಚಿನ ಮೇಲೆ. ಮಗುವನ್ನು ಅವುಚಿಕೊಂಡ ಗುಂಡಿಯವಳು ಎದುರಿನ ಬೆಂಚಿನ ಮೇಲೆ. ಠಾಣೆಯವರು ಗುಂಡಿಯವಳ ಫೋನು ಮುಂದಿಟ್ಟು, ಮೆಸೇಜು ಹೋಗಿರೋದು ನಿಮ್ಮ ನಂಬರಿಂದಾನೇ ಅಲ್ವೇನಮ್ಮ ಎಂದರು. ತೊಟ್ಟಿಲಮ್ಮ ಓದಿದಳು. ಅದು ಅವಳದೇ ಮಾತಿನಂತಿತ್ತು. ನಾನು ಬರೆದಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದರೂ, ಓದುತ್ತಾ ಓದುತ್ತಾ ತನ್ನ ಮೇಲೆ ತನಗೇ ಅನುಮಾನ ಬರುವ ಹಾಗಿತ್ತು.

ನಾದಿನಿ ಅತ್ತಿಗೆಯ ಫೋನು ತೆಗೆದು, ಆ್ಯಪಿನ ಸೆಟ್ಟಿಂಗ್ಸ್ ಒಳಗೆ ಹೋಗಿ, ಜೋಡಿಸಿದ ಸಾಧನಗಳ ಪಟ್ಟಿ ತೆರೆದು ಠಾಣೆಯವರಿಗೆ ತೋರಿಸಿದಳು. ಅಲ್ಲಿ ಈ ಮನೆಯಲ್ಲಿ ಯಾರೂ ಕಂಡಿರದ ಒಂದು ಕಂಪ್ಯೂಟರ್ ಕೂತಿತ್ತು. ಅವರು ಅದರ ಚಿತ್ರ ತೆಗೆದುಕೊಂಡ ಮೇಲೆ ಅದನ್ನು ಹೊರಗೆ ಹಾಕಿದಳು. ಕೋಡ್ ಎಲ್ಲಿ ಹಾಕಿದ್ರಿ ಎಂದು ಕೇಳಿದಾಗ ತೊಟ್ಟಿಲಮ್ಮನಿಗೆ ಓಟು ನೆನಪಾಯಿತು. ಇಸ್ತ್ರಿಯವಳನ್ನು ಕೇಳಿದರೆ, ನಾನೆಲ್ಲಿ ಕಳಿಸಿದೆ, ನನಗೂ ಹಿಂದಿನ ವಾರ ಯಾರೋ ಕಳಿಸಿದ್ದರು, ನಾನೂ ಓಟು ಹಾಕಿದ್ದೆ ಎಂದಳು.

ದೂರು ಕಳ್ಳನ ಮೇಲೆ ತಿರುಗಿತು. ಬ್ಯಾಂಕಿಗೆ ತಿಳಿಸುವಷ್ಟರಲ್ಲಿ ದುಡ್ಡು ಆ ಖಾತೆಯಿಂದ ಇನ್ನೆಲ್ಲಿಗೋ, ಅಲ್ಲಿಂದ ಮತ್ತೆಲ್ಲಿಗೋ ಹೋಗಿತ್ತು. “ನಿನ್ನೆ ಮಧ್ಯಾಹ್ನವೇ ಸಹಾಯವಾಣಿಗೆ ಹೇಳಿದ್ರೆ ತಡೆಹಿಡಿಯೋ ಸಾಧ್ಯತೆ ಇತ್ತು,” ಎಂದಳು ನಾದಿನಿ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ನಿನ್ನೆ ಮಧ್ಯಾಹ್ನ ಗುಂಡಿಯವಳು ಶವಾಗಾರದ ಬಾಗಿಲಲ್ಲಿ ನಿಂತಿದ್ದಳು.

ಹೊರಗೆ ಬಂದ ಮೇಲೆ ತೊಟ್ಟಿಲಮ್ಮ ಗುಂಡಿಯವಳ ಹಿಂದೆಯೇ ಹೋದಳು. ಕೇಳದೆ ಪಾಳಿ ಬಿಟ್ಟು ಹೋದದ್ದಕ್ಕೆ ಕಾರ್ಖಾನೆಯವರು ಅವಳನ್ನು ಕೆಲಸದಿಂದ ತೆಗೆದಿದ್ದರು. ಬೇರೆ ಕಡೆ ಕೆಲಸ ಹುಡುಕಬೇಕಾದರೂ ಮಗುವನ್ನು ಎಲ್ಲಾದರೂ ಬಿಡಲೇಬೇಕು. ನಯಾಪೈಸೆ ಬೇಡ, ಕೆಲಸ ಸಿಗುವವರೆಗೆ ಚೂಟಿ ನನ್ನ ಹತ್ತಿರ ಇರಲಿ ಎಂದು ತೊಟ್ಟಿಲಮ್ಮ ಬೇಡಿಕೊಂಡಳು. ಕೈಚಾಚಿದಳು. ಚೂಟಿಯೂ ರೂಢಿಯಂತೆ ಅವಳ ಕಡೆ ಬಾಗಿತು.

ಗುಂಡಿಯವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

“ನೀವಲ್ಲ ಅಂತ ಗೊತ್ತಾಯ್ತು ಅಕ್ಕ. ತಲೆಗೆ ಗೊತ್ತಾಯ್ತು. ಕೈಗೆ ಗೊತ್ತಾಗ್ತಿಲ್ಲ. ಮಗೂನ ಕೊಡೋಕೆ ಕೈ ಮುಂದಕ್ಕೆ ಬರ್ತಿಲ್ಲ.”

ಅಷ್ಟು ಹೇಳಿ ಹೋದಳು. ಬೈದಿದ್ದರೆ ತೊಟ್ಟಿಲಮ್ಮ ತಡೆದುಕೊಳ್ಳುತ್ತಿದ್ದಳು.

ಆ ವಾರ ತೊಟ್ಟಿಲುಗಳು ಒಂದೊಂದಾಗಿ ಖಾಲಿಯಾದವು. ಯಾರೂ ಜಗಳವಾಡಲಿಲ್ಲ. ಒಬ್ಬಳು ನಮ್ಮಮ್ಮ ಬಂದಿದಾರೆ ಅಂದಳು, ಒಬ್ಬಳು ಮಗುವಿಗೆ ಹುಷಾರಿಲ್ಲ ಅಂದಳು. ನಲ್ಲಿಯ ಹತ್ತಿರ ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬೆಂಕಿ ಇಲ್ಲದೆ ಹೊಗೆ ಬರುತ್ತಾ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಮನೆಯೊಳಗೆ ಮಧ್ಯಾಹ್ನದ ಹೊತ್ತು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಪಕ್ಕದಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿದರೆ ಗಾಳಿ ಗುಳುಗುಳು ಅನ್ನುವುದು ಕೇಳುತ್ತಿತ್ತು.

ಆ ನಿಶ್ಶಬ್ದವನ್ನು ತಾಳಲಾರದೆ ಗಂಡ ಎದ್ದು ಬಂದ. ಕೈಯ ಎಣ್ಣೆ ಒರೆಸಿಕೊಂಡು, ತನ್ನ ಫೋನನ್ನು ಇನ್ನೂ ಅಲ್ಲೇ ಉಳಿದಿದ್ದ ತಂಗಿಯ ಮುಂದಿಟ್ಟ. “ಇದಕ್ಕೂ ಏನೇನು ಮಾಡ್ಬೇಕೋ ಮಾಡಿಬಿಡು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ನನ್ನಂಥೋರು,” ಎಂದ. ಅವತ್ತು ಅವನ ಮಾತಿಗೆ ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.

ತೊಟ್ಟಿಲಮ್ಮ ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂರಬಹುದಿತ್ತು. ಎರಡು ದಿನ ಕೂತಳು ಕೂಡ. ಆಮೇಲೆ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ಹೋಗಿ ನಿಂತು, ಹೊರಗೆ ಬಂದವರಿಗೆಲ್ಲ ನಡೆದದ್ದನ್ನು ಹೇಳಿದಳು. ನಾನು ಓಟು ಅಂದುಕೊಂಡು ಕೋಡ್ ಹಾಕಿದೆ, ಕಳ್ಳ ನನ್ನ ಹೆಸರು ಹಾಕಿಕೊಂಡು ನಿಮ್ಮಲ್ಲಿ ಒಬ್ಬಳನ್ನು ಸುಲಿದ, ನಿಮ್ಮ ಫೋನುಗಳಲ್ಲೂ ನೋಡಿಕೊಳ್ಳಿ ಎಂದಳು. ಕೆಲವರು ಮುಖ ತಿರುಗಿಸಿ ಹೋದರು. ಕೆಲವರು ನಿಂತರು. ನಾದಿನಿ ಅವರ ಫೋನು ತೆರೆದು ನೋಡಿದರೆ, ಇನ್ನೂ ಹಲವರ ಫೋನಿಗೆ ಗುರುತಿಲ್ಲದ ಕಂಪ್ಯೂಟರ್ ಅಂಟಿಕೊಂಡಿತ್ತು. ಅವನು ಅವರವರ ಸರದಿಗೆ ಕಾಯುತ್ತಿದ್ದ ಅಷ್ಟೇ.

ಈಗ ಕೆಲವು ತಾಯಂದಿರು ತಿರುಗಿ ಬಂದಿದ್ದಾರೆ. ಮಲಗುವ ಹೊತ್ತಿನ ನಿಯಮ ಹೋಗಿದೆ. ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡಿ, ದನಿ ಕೇಳಿ, ಅನುಮಾನವಿದ್ದರೆ ಮಗುವಿನ ಮುಖ ನೋಡಿ ಎನ್ನುತ್ತಾಳೆ. ಮಧ್ಯಾಹ್ನ ಫೋನು ಗಟ್ಟಿಯಾಗಿ ಬಡಿದುಕೊಳ್ಳುತ್ತದೆ, ಮಕ್ಕಳು ಬೆಚ್ಚಿ ಎದ್ದು ಅಳುತ್ತವೆ. ಅಳಲಿ ಎಂದು ಎತ್ತಿಕೊಳ್ಳುತ್ತಾಳೆ. ಗುಂಡಿಯವಳು ಮಾತ್ರ ಬರಲಿಲ್ಲ. ಕೋಣೆ ಖಾಲಿ ಮಾಡಿಕೊಂಡು ಬೇರೆ ಊರಿಗೆ ಹೋದಳೆಂದು ಸುದ್ದಿ. ಕಳ್ಳ ಸಿಕ್ಕಿಲ್ಲ. ದುಡ್ಡೂ ಸಿಕ್ಕಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ನೋಡೋಣ ಅನ್ನಬೇಡಿ. ಫೋನು ಈಗ ನಿಮ್ಮ ಕೈಯಲ್ಲೇ ಇದೆಯಲ್ಲ, ಮೆಸೇಜ್ ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ, ಜೋಡಿಸಿದ ಸಾಧನಗಳ ಪಟ್ಟಿ ನೋಡಿ. ಗುರುತಿಲ್ಲದ್ದು ಕಂಡರೆ ಹೊರಗೆ ಹಾಕಿ. ಎರಡನೇ ಬೀಗ ಅಂತ ಒಂದು ಪಿನ್ ಇಡುವ ಅವಕಾಶ ಅಲ್ಲೇ ಇದೆ, ಇಟ್ಟುಕೊಳ್ಳಿ. ಗೊತ್ತಾಗದಿದ್ದರೆ ಮನೆಯಲ್ಲಿ ಬಲ್ಲವರನ್ನು ಕೇಳಿ. ಕೇಳಿದರೆ ಮಾನ ಹೋಗುವುದಿಲ್ಲ. ಓಟು, ಬಹುಮಾನ, ಕೊರಿಯರ್, ಕೆವೈಸಿ, ಯಾವ ನೆಪದಲ್ಲಿ ಬಂದ ಕೋಡನ್ನೂ ಎಲ್ಲೂ ಹಾಕಬೇಡಿ, ಯಾರಿಗೂ ಹೇಳಬೇಡಿ. ಕೇಳಿದವರು ಒಡಹುಟ್ಟಿದವರೇ ಆದರೂ ಮೊದಲು ಕರೆ ಮಾಡಿ ದನಿ ಕೇಳಿ. ಕರೆ ಮಾಡಬೇಡ ಎಂದು ಹೇಳುವ ಮೆಸೇಜಿಗೆ ಕರೆ ಮಾಡಲೇಬೇಕು. ಅವರು ಎತ್ತದಿದ್ದರೆ ಅವರ ಪಕ್ಕದವರಿಗೆ ಮಾಡಿ, ನಡೆದು ಹೋಗುವಷ್ಟು ಹತ್ತಿರವಿದ್ದರೆ ಹೋಗಿ ಕಣ್ಣಾರೆ ನೋಡಿ, ಆಮೇಲೆ ದುಡ್ಡಿನ ಮಾತು. ಈಗಿನ ಕಾಲದಲ್ಲಿ ದನಿಯನ್ನೂ ನಕಲು ಮಾಡುತ್ತಾರಂತೆ, ಅದಕ್ಕೇ ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಫೋನಿನಲ್ಲಿ ಬರೆಯದೆ ಬಾಯಲ್ಲೇ ಹೇಳಿಕೊಳ್ಳಿ.

ಮೋಸ ಹೋದಿರಾ, ಆ ಗಳಿಗೆಯಲ್ಲೇ ಬ್ಯಾಂಕಿಗೆ ಮತ್ತು ಸೈಬರ್ ಅಪರಾಧದ ಸಹಾಯವಾಣಿಗೆ ತಿಳಿಸಿ. ನಾಚಿಕೆ ಪಡುತ್ತಾ ಕೂತ ಹೊತ್ತೆಲ್ಲ ಕಳ್ಳನಿಗೆ ಕೊಟ್ಟ ಹೊತ್ತು. ಮೋಸ ಹೋದವರನ್ನು ಕಂಡು ನಗಬೇಡಿ. ನಿಮ್ಮ ನಗುವಿಗೆ ಹೆದರಿ ಅವರು ಬಾಯಿ ಮುಚ್ಚಿಕೊಂಡರೆ, ಮುಂದಿನ ಮೆಸೇಜು ನಿಮ್ಮ ಮನೆಗೆ.

ನಮ್ಮ ಹತ್ತಿರ ಕದಿಯಲು ಏನಿದೆ ಎಂದು ಕೇಳುವವರಿಗೆ ಇಷ್ಟೇ ಹೇಳಬೇಕಾಗಿದೆ. ನಿಮ್ಮನ್ನು ನಂಬುವವರು ಈ ಲೋಕದಲ್ಲಿ ಒಬ್ಬರೇ ಒಬ್ಬರು ಇದ್ದರೂ, ಕಳ್ಳನಿಗೆ ಅಷ್ಟು ಸಾಕು.